ಶ್ರುತಿ ತಪ್ಪಿದ ಕಪ್ಪೆಗಳು

ದರ್ಜಿಯ ಮಗಳು ಪದವಿಯಲ್ಲಿ ಪ್ರಾಣಿಶಾಸ್ತ್ರದ ಜೊತೆಗೆ ಸಂಗೀತವನ್ನೂ ಪ್ರಧಾನ ವಿಷಯವಾಗಿ ಹಿಡಿದಾಗ ಮನೆಯಲ್ಲಿ ಎರಡು ಪಕ್ಷವಾಯಿತು.

"ಎರಡು ದೋಣಿ ಮೇಲೆ ಕಾಲಿಟ್ರೆ ನೀರಿಗೇ ಬೀಳೋದು," ಎಂದ ಅಪ್ಪ.

"ಸುಮ್ನಿರಣ್ಣಾ! ನಾಳೆ ದೊಡ್ಡ ಓದಿಗೆ ಸೀಟು ಕೊಡೋರು ಎರಡೆರಡು ನೋಡಿ ಬೆರಗಾಗ್ತಾರೆ," ಎಂದಳು ಅತ್ತೆ. ಮಗಳಿಗೆ ಅತ್ತೆಯ ಮಾತೇ ವೇದವಾಕ್ಯ.

ಆ ನಾಳೆಯೂ ಬಂತು. ಸ್ನಾತಕೋತ್ತರ ಪ್ರವೇಶದ ಸಂದರ್ಶನ. ಈ ಸೀಟು ತಪ್ಪಿದರೆ ಹೊಲಿಗೆ ಯಂತ್ರವೇ ಗತಿ, ಅವಳಿಗೋ ಗುಂಡಿ ಹಾಕಲೂ ನೆಟ್ಟಗೆ ಬಾರದು! ಎದುರಿಗೆ ಕುಳಿತವರು ಅವಳ ಎರಡನೆಯ ವಿಷಯದತ್ತ ಕಣ್ಣೆತ್ತಿಯೂ ನೋಡಲಿಲ್ಲ. ಬೆರಗಂತೆ ಬೆರಗು! ಹಿರಿಯ ಅಧ್ಯಾಪಕಿ ನೇರವಾಗಿ ಅವಳ ಅಧ್ಯಯನದ ವರದಿ ತೆರೆದರು. ಊರಿನ ಹೊಂಡಗಳಲ್ಲಿ ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸಿ ಬರೆದದ್ದು ಅದು.

"ನಿನ್ ನಕ್ಷೆಲಿರೋ ಈ ಬಣ್ಣದ ಕಾರ್ಖಾನೆ ಹಿಂದಿನ ಹೊಂಡದಲ್ಲಿ ಕಪ್ಪೆನೇ ಇಲ್ವೇನಮ್ಮಾ?"

"ಬೇಕಾದಷ್ಟಿವೆ ಮೇಡಂ."

"ಮತ್ತೆ ವರದಿಲಿ ಯಾಕಿಲ್ಲ?"

ಧ್ವನಿಮುದ್ರಣದ ಯಂತ್ರ ಕೆಟ್ಟಿತ್ತು ಎಂದು ಸುಳ್ಳು ಹೇಳಿದರೆ ಪಾರಾಗಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ನಿಜ.

"ಅವು ಶ್ರುತಿ ಬಿಟ್ಟು ಕೂಗ್ತಿದ್ವು ಮೇಡಂ. ನನ್ ಕಿವಿಗೆ ತಡ್ಕೊಳ್ಳೋಕಾಗ್ಲಿಲ್ಲ. ರೆಕಾರ್ಡಿಂಗ್ ಸರಿಯಿಲ್ಲ ಅಂದ್ಕೊಂಡು ಎಲ್ಲಾ ಅಳಿಸಿಬಿಟ್ಟೆ."

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎಷ್ಟು ಕಪ್ಪೆ ಶ್ರುತಿ ಬಿಟ್ಟಿದ್ವು?" ನಗು ನಿಂತ ಮೇಲೆ ಅಧ್ಯಾಪಕಿ ಕೇಳಿದರು.

"ಎಲ್ಲಾನೂ..." ಎಂದವಳು ತಟ್ಟನೆ ನಿಂತಳು. ಒಂದು ಕಪ್ಪೆ ತಪ್ಪೀತು, ಎರಡು ತಪ್ಪಿಯಾವು. ಹೊಂಡಕ್ಕೆ ಹೊಂಡವೇ ತಪ್ಪುವುದುಂಟೇ? "ಅಯ್ಯೋ! ಆ ನೀರಲ್ಲೇ ಏನೋ ಇರ್ಬೇಕು ಮೇಡಂ! ನಾನೆಂಥಾ ಪೆದ್ದಿ!"

"ಎರಡು ವಿಷಯ ಓದಿದೋರು ಹೊರಗೆ ಸಾಲಾಗಿ ಕೂತಿದಾರೆ. ಅದಕ್ಕೆಲ್ಲ ಸೀಟು ಕೊಡಲ್ಲಮ್ಮಾ," ಎಂದರು ಅಧ್ಯಾಪಕಿ. "ಆದ್ರೆ ಆ ಕೂಗಿನ ವ್ಯತ್ಯಾಸ ನಮ್ಮಲ್ಲಿ ಯಾರ ಕಿವಿಗೂ ಬೀಳ್ತಿರಲಿಲ್ಲ. ಇಲ್ಲಿ ಸೇರ್ಕೊಂಡು ಅದನ್ನೇ ಹುಡುಕ್ತೀಯಾ? ಈ ಸಲ ಏನನ್ನೂ ಅಳಿಸಬಾರದು."

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಈಗ್ಲೇ ಹೋಗಿ ರೆಕಾರ್ಡ್ ಮಾಡ್ಕೊಂಡು ಬರ್ಲಾ?"

"ಮೊದ್ಲು ಮನೇಲಿ ಹೇಳಿ ಬಾರಮ್ಮಾ!"

ಅಪ್ಪ ಗೇಟಿನ ಬಳಿಯೇ ಕಾಯುತ್ತಿದ್ದ.

"ಸಿಕ್ತಾ ಮಗಳೇ?"

"ಸಿಕ್ತಪ್ಪಾ!"

"ಎರಡ್ರಲ್ಲಿ ಯಾವ್ದರಿಂದ ಸಿಕ್ತು?"

"ನಾನು ಬೇಡ ಅಂತ ಬಿಸಾಕಿದ್ದ ಕಪ್ಪೆಗಳಿಂದ," ಎಂದವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಖುಷಿಗೆ ಅವನ ಕಣ್ಣು ತುಂಬಿತು.