ಸಾಹೇಬನ ಆರ್ಕಿಡ್, ಮಾತೆಯ ಪಾದ

ಬಾಲ್ಕನಿಯ ಮಲ್ಲಿಗೆ ಚಟ್ಟಿಗೆ ಒಂದು ಚೊಂಬು ನೀರು ಹಾಕಿ ಗೊತ್ತಿಲ್ಲದ ನನ್ನ ಗಂಡ ಕ್ಯಾಮಿಲಸ್, ೨೦೧೪ರ ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ಹೂವಿನ ಭಕ್ತನಾದ. ಕಾರಣ ಎಂಥದು? ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅವನ ಆಫೀಸಿನಲ್ಲಿ ಮ್ಯಾನೇಜರ್ ಕುರ್ಚಿ ಖಾಲಿ ಇತ್ತು, ಅದನ್ನು ಕೊಡಬೇಕಾದ ಇಂಗ್ಲಿಷ್ ಸಾಹೇಬನಿಗೆ ಕಾಡು ಆರ್ಕಿಡ್ ಹುಚ್ಚು. ಸಾಹೇಬ ರಜೆಗೆ ಸೈಪ್ರಸ್‌ಗೆ ಹೊರಟದ್ದೇ ತಡ, "ನಮಗೂ ಆರ್ಕಿಡ್ ಅಂದರೆ ಪ್ರಾಣ ಸರ್" ಎಂದು ನನ್ನನ್ನೂ ಮಗಳು ಜೋಯ್ಲಿನಳನ್ನೂ ಕಟ್ಟಿಕೊಂಡು ಹಿಂದೆ ಬಿದ್ದ.

ಅಲ್ಲಿ ಗುಡ್ಡದಲ್ಲಿ ಸಾಹೇಬ ಮೊಣಕಾಲೂರಿದರೆ ಇವನೂ ಊರುತ್ತಿದ್ದ. ಬಂಡೆಯ ಮೇಲೊಂದು ಓತಿಕ್ಯಾತ ಕಂಡರೆ, "ಬ್ಯೂಟಿಫುಲ್ ಸರ್!" ಊರಲ್ಲಿ ಅದಕ್ಕೆ ಕಲ್ಲು ಬಿಸಾಡುತ್ತಿದ್ದ ಮನುಷ್ಯ, ಮಾರಾಯ್ರೆ!

ಮೂರನೇ ದಿನ ಸಾಹೇಬನಿಗೆ ತುಂಬಾ ಅಪರೂಪದ್ದೊಂದು ಆರ್ಕಿಡ್ ಸಿಕ್ಕಿತು. ಬಿಸಿಲು ಏರಲಿ, ಆಮೇಲೆ ಫೋಟೊ ಎಂದು ಇಬ್ಬರೂ ಕಾಫಿಗೆ ಹೋದರು. ಆ ಹೂವಿನ ಸಂಗತಿ ನಮಗೆ ಯಾರು ಹೇಳಿದ್ದಾರೆ? ನಾನೂ ಜೋಯ್ಲಿನಳೂ ಅದೇ ಗುಡ್ಡ ಹತ್ತಿದೆವು. ಮೇಲೊಂದು ಮಾತೆ ಮರಿಯಮ್ಮನ ಪುಟ್ಟ ಗುಡಿ.

ನಮ್ಮ ಊರಿನ ಕ್ರೈಸ್ತರಲ್ಲಿ ಮಾತೆಯ ಹುಟ್ಟುಹಬ್ಬಕ್ಕೆ, ಮೊಂತಿ ಹಬ್ಬಕ್ಕೆ, ಮಕ್ಕಳು ಗುಡ್ಡದ ಹೂ ಕೊಯ್ದು ಮರಿಯಮ್ಮನಿಗೆ ಎರಚಬೇಕು. ಅಬುಧಾಬಿಯಲ್ಲಿ ಗುಡ್ಡವೂ ಇಲ್ಲ, ಹೂವೂ ಇಲ್ಲ. ಸೂಪರ್ ಮಾರ್ಕೆಟಿನ ಗುಲಾಬಿಯೇ ಗತಿ. ಹಬ್ಬ ಸೆಪ್ಟೆಂಬರಿನಲ್ಲಿ, ನಿಜ. ಆದರೆ ಇಷ್ಟು ಹೂಗಳ ನಡುವೆ ಮಾತೆಯನ್ನು ಬರಿಗೈಯಲ್ಲಿ ನೋಡುವುದಾ? "ಕೊಯ್ಯಿ ಮಗಾ" ಎಂದೆ. ಶಾಲು ತುಂಬಿತು. ಎರಚುವಾಗ ಮಗಳ ಮುಖ ನೋಡಿ ನನಗೆ ಅಳುವೇ ಬಂತು.

ಅಷ್ಟರಲ್ಲಿ ಅವರಿಬ್ಬರೂ ಬಂದರು. ಸಾಹೇಬ ಬೋಳು ದಂಟನ್ನು ನೋಡಿದ, ಆಮೇಲೆ ಮಾತೆಯ ಪಾದದ ಹತ್ತಿರ ಬಿದ್ದಿದ್ದ ತನ್ನ ಹೂವನ್ನು ನೋಡಿದ. ಕ್ಯಾಮೆರಾವನ್ನು ಚೀಲಕ್ಕೆ ತುರುಕಿ ಇಳಿದು ಹೋದ. "ಸಾರಿ ಸರ್, ಸಾರಿ! ಇವಳಿಗೆ ಬುದ್ಧಿಯಿಲ್ಲ ಸರ್!" ಎನ್ನುತ್ತಾ ನನ್ನ ಗಂಡ ಗುಡ್ಡದ ಬುಡದವರೆಗೂ ಅವನ ಹಿಂದೆ ಓಡಿದ.

ಮನೆಗೆ ಬಂದ ಮೇಲೆ ಒಂದು ತಿಂಗಳು ನನ್ನೊಟ್ಟಿಗೆ ಮಾತಿಲ್ಲ. ಕೊನೆಗೊಂದು ದಿನ ಆಫೀಸಿನ ಕಾಗದವನ್ನು ಊಟದ ಮೇಜಿನ ಮೇಲೆ ಎಸೆದ. ಕುರ್ಚಿ ಪಾಯ್ಸ್‌ಗೆ ಹೋಗಿತ್ತು, ನಾವು ಗುಡ್ಡ ಸುತ್ತುವಾಗ ಆಫೀಸಿನಲ್ಲಿ ಕೂತು ಇವನ ಕೆಲಸವನ್ನೂ ಮಾಡಿದ ಪಾಯ್ಸ್‌ಗೆ.

"ಖಲಾಸ್! ನನ್ನ ಕುರ್ಚಿಯನ್ನೂ ಕೊಯ್ದು ಎರಚಿದೆಯಲ್ಲ!"

ನಾನು ಕಾಗದ ಓದಿದೆ. ಸಾಹೇಬನ ಸಹಿಯ ಕೆಳಗಿನ ತಾರೀಕಿನ ಮೇಲೆ ಬೆರಳಿಟ್ಟು ಅವನ ಮುಂದೆ ತಳ್ಳಿದೆ. ಮಾರ್ಚ್ ಇಪ್ಪತ್ತೇಳು. ನಾವು ವಿಮಾನ ಹತ್ತಿದ್ದು ಏಪ್ರಿಲ್ ಹತ್ತಕ್ಕೆ.

ಅವನು ಮೂರು ಸಲ ಓದಿದ.

"ಡ್ಯಾಡಿ, ಸೇ ಸಾರಿ ಟು ಮಮ್ಮಿ" ಎಂದಳು ಜೋಯ್ಲಿನ್.

ಸಾಹೇಬನಿಗೆ ಗುಡ್ಡವಿಡೀ ಹೇಳಿದ ಆ ಮಾತು, ನನಗೆ ಹೇಳಲು ಅವನ ಬಾಯಿಗೆ ಬರಲೇ ಇಲ್ಲ.