ಕೂಗಪ್ಪ ಹಿಡಿದ ಬಾಗಿಲು

ಅವನ ಕೆಲಸವೇ ಕೂಗುವುದು. ಸಂಸತ್ತಿನ ವಿಚಾರಣಾ ಕೋಣೆಗೆ ಸಾಕ್ಷಿಗಳನ್ನು ಹೆಸರು ಹಿಡಿದು ಕರೆಯುವುದು, ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಲೋಟ ನೀರು ಕೊಡುವುದು, ಆಮೇಲೆ ಅಧ್ಯಕ್ಷರತ್ತ ತಿರುಗಿ "ಬಂದಿದ್ದಾರೆ" ಎನ್ನುವುದು. ಹೀಗಾಗಿ ಹೆತ್ತವರು ಇಟ್ಟ ಹೆಸರು ಮೂಲೆ ಸೇರಿ ಅವನು ಎಲ್ಲರಿಗೂ ಕೂಗಪ್ಪನಾಗಿದ್ದ. ಮನೆಯಲ್ಲಿ ದನಿ ಎತ್ತಿದರೆ ಹೆಂಡತಿ, "ಇದೇನು ನಿಮ್ಮ ಕಚೇರಿ ಅಲ್ಲ, ಮೆತ್ತಗೆ ಮಾತಾಡಿ" ಎಂದು ಗದರುತ್ತಿದ್ದಳು.

ಆ ಕೋಣೆಯದೊಂದು ಹಳೇ ಪದ್ಧತಿ. ಸಾಕ್ಷಿ ಬಂದದ್ದಕ್ಕೆ ಕೂಗಪ್ಪನ ಬಾಯಿಮಾತೇ ಪ್ರಮಾಣ. ಕೊಟ್ಟ ನೀರು ಕುಡಿದರೆ ಸಾಕ್ಷಿ ಆಣೆ ಮಾಡಿದ ಹಾಗೆ. ಕರೆಸಿದವರಲ್ಲಿ ಒಬ್ಬರು ಬರದಿದ್ದರೂ ಗೊತ್ತುವಳಿ ಬಿದ್ದುಹೋಗುತ್ತದೆ. ಮುಂದಿನ ಅಧಿವೇಶನದವರೆಗೆ ಯಾರೂ ಅದರ ಸುದ್ದಿ ಎತ್ತುವ ಹಾಗಿಲ್ಲ. ಬೇಡದ ಕೆಲಸವನ್ನು ಮುಂದೂಡುವುದಕ್ಕೆ ಇದಕ್ಕಿಂತ ಸೊಗಸಾದ ಉಪಾಯ ಇದ್ದರೆ ಹೇಳಿ!

ಅಂದಿನ ಗೊತ್ತುವಳಿ ಯುದ್ಧದಲ್ಲಿ ಬೇಯುತ್ತಿದ್ದ ನೆರೆದೇಶದ್ದು. ಅಲ್ಲಿ ಒಂದು ಊರನ್ನು ಸೈನ್ಯ ಮುತ್ತಿ ಕೂತಿತ್ತು. ಒಳಗೆ ಹಿಟ್ಟಿಲ್ಲ, ಔಷಧಿಯಿಲ್ಲ. ಇತ್ತ ಗಡಿಯಲ್ಲಿ ಅವೆರಡನ್ನೂ ತುಂಬಿಕೊಂಡ ಲಾರಿಗಳು ಅಪ್ಪಣೆಗಾಗಿ ಕಾದು ನಿಂತಿದ್ದವು. ಸರ್ಕಾರ ಗಟ್ಟಿಯಾಗಿ ಮಾತಾಡಿ ದಾರಿ ಬಿಡಿಸಬೇಕು, ಲಾರಿಗಳನ್ನು ಕಳಿಸಬೇಕು ಎಂದು ಒಬ್ಬ ಸದಸ್ಯೆ ಪಟ್ಟು ಹಿಡಿದಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಅವರು ಟೀಚರಮ್ಮ. ಮುತ್ತಿಗೆಯ ಊರಿನಿಂದ ಮೂವರು ಸಾಕ್ಷಿಗಳನ್ನು ಅವರು ಕರೆಸಿದ್ದರು: ಒಬ್ಬ ಡಾಕ್ಟರು, ಒಬ್ಬ ಆಂಬುಲೆನ್ಸ್ ಡ್ರೈವರು, ಒಬ್ಬಳು ನರ್ಸು. ಅಲ್ಲಿಗೆ ಸೇವೆಗೆಂದು ಹೋಗಿದ್ದ ಆ ನರ್ಸು ಕೂಗಪ್ಪನ ಒಬ್ಬಳೇ ಮಗಳು.

ಬೆಳಗ್ಗೆ ಹೆಂಡತಿ ಮಗಳ ಹಾಸಿಗೆಯನ್ನು ಬಿಸಿಲಿಗೆ ಹಾಕಿ, "ಸಾಕ್ಷಿ ಮುಗಿದ ಕೂಡಲೆ ಕರ್ಕೊಂಡು ಬನ್ನಿ. ಅಲ್ಲಿ ಸಿಕ್ಕಸಿಕ್ಕವರಿಗೆಲ್ಲ ನನ್ನ ಮಗಳು ನನ್ನ ಮಗಳು ಅಂತ ತೋರಿಸ್ತಾ ನಿಲ್ಬೇಡಿ" ಎಂದಿದ್ದಳು. ಕೂಗಪ್ಪ ಬೂಟಿಗೆ ಎರಡು ಸಲ ಪಾಲಿಶ್ ಹಾಕಿಕೊಂಡು ಹೊರಟಿದ್ದ.

ಮೊದಲು ಡಾಕ್ಟರ ಹೆಸರು ಕೂಗಿದ. ಬಾಗಿಲು ಒಳಗಡೆಗೆ ಮೆಲ್ಲಗೆ ತೆರೆದುಕೊಂಡಿತು. ಯಾರೂ ಕಾಣಲಿಲ್ಲ. ಆದರೆ ಸುಟ್ಟ ರಬ್ಬರಿನ ವಾಸನೆಯೊಂದು ಅವನ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಯಿತು. ಮೊದಲ ಕುರ್ಚಿಯ ಮೆತ್ತೆ ಕುಗ್ಗಿತು. ಕೂಗಪ್ಪನಿಗೆ ಮೈಯೆಲ್ಲ ಜುಮ್ಮೆಂದಿತು. ಆದರೂ ಅಭ್ಯಾಸಬಲ, ನೀರು ಬಗ್ಗಿಸಿ ಇಟ್ಟ. ನೋಡನೋಡುತ್ತ ಲೋಟದ ನೀರು ಇಳಿಯುತ್ತ ಬಂದು ತಳ ಮುಟ್ಟಿತು.

"ಬಂದಿದ್ದಾರೆ," ಎಂದ.

ಯಾರೋ ಕಿಸಕ್ಕೆಂದರು. ಖಾಲಿ ಲೋಟ ಕಂಡದ್ದೇ ಆ ನಗು ಅಲ್ಲೇ ನಿಂತಿತು. ಅಧ್ಯಕ್ಷರು ಕಾಗದದಿಂದ ತಲೆ ಎತ್ತುವ ಪೈಕಿಯಲ್ಲ. "ಮುಂದಿನವರು," ಎಂದರು.

ಡ್ರೈವರು ಬಂದದ್ದೂ ಹಾಗೆಯೇ. ಅದೇ ವಾಸನೆ, ಕುಗ್ಗಿದ ಮೆತ್ತೆ, ಬರಿದಾದ ಲೋಟ. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ಟೀಚರಮ್ಮನ ಫೋನು ನಡುಗಿತು. ಅದನ್ನು ಕಿವಿಗೆ ಹಿಡಿದವರು ಬಿಳಿಚಿಕೊಂಡು ಕೂಗಪ್ಪನ ಹತ್ತಿರ ಬಂದರು.

"ಕೂಗಪ್ಪ, ದಾರೀಲಿ ಅವರ ಗಾಡಿ ಮೇಲೆ ಬಾಂಬ್ ಬಿದ್ದಿದೆ. ಡಾಕ್ಟರು, ಡ್ರೈವರು, ಇಬ್ಬರೂ ಉಳಿದಿಲ್ಲ."

"ಇಬ್ಬರೂ ಇಲ್ಲೇ ಕೂತಿದ್ದಾರಲ್ಲಮ್ಮ," ಎಂದ ಕೂಗಪ್ಪ. ಆಮೇಲೆ ಕೇಳಿದ, "ನನ್ನ ಮಗಳು?"

"ಗಾಡಿ ಹತ್ತಲಿಲ್ವಂತೆ. ವಾರ್ಡಿನ ಮಕ್ಕಳನ್ನ ಬಿಟ್ಟು ಬರಲ್ಲ ಅಂತ ಆಸ್ಪತ್ರೆಯಲ್ಲೇ ಉಳ್ಕೊಂಡಳಂತೆ."

"ಮುಂದಿನವರು," ಎಂದರು ಅಧ್ಯಕ್ಷರು.

ಮಗಳ ಹೆಸರನ್ನು ಅವನು ಆಟಕ್ಕೆ ಹೋದವಳನ್ನು ಊಟಕ್ಕೆ ಕರೆಯಲು ಕೂಗಿದ್ದ, ಕೋಪದಲ್ಲಿ ಕೂಗಿದ್ದ, ಮುದ್ದಿನಲ್ಲಿ ಕೂಗಿದ್ದ. ಬರಬೇಡ ತಾಯಿ, ಬರಬೇಡ ಎಂದು ಒಳಗೊಳಗೇ ಬೇಡಿಕೊಂಡು ಕೂಗಿದ್ದು ಇದೇ ಮೊದಲು. ಎಂಥ ಅಪ್ಪನಿಗೂ ಬೇಡ ಆ ಗತಿ.

ಬಾಗಿಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ. ಮೂರನೇ ಕುರ್ಚಿಯ ಮೆತ್ತೆ ಉಬ್ಬಿಕೊಂಡೇ ಇತ್ತು, ಲೋಟದ ನೀರು ಕದಲಲಿಲ್ಲ. ಕೂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಬದುಕಿದ್ದಾಳೆ!

"ಬಂದಿಲ್ಲ ಅಂದ್ರೆ ಗೊತ್ತುವಳಿ ಬಿತ್ತು," ಎಂದು ಮುಂದಿನ ಸಾಲಿನ ಸ್ಥೂಲಕಾಯದ ಸದಸ್ಯರೊಬ್ಬರು ಚೀಲ ಎತ್ತಿಕೊಂಡರು. ಬೀಸೋ ದೊಣ್ಣೆ ತಪ್ಪಿತು ಎಂಬ ನೆಮ್ಮದಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಗೊತ್ತುವಳಿ ಬಿದ್ದರೆ ಲಾರಿಯಿಲ್ಲ. ಲಾರಿಯಿಲ್ಲದಿದ್ದರೆ ಆ ಆಸ್ಪತ್ರೆ ಎಷ್ಟು ದಿನ? ಹುಟ್ಟಿದಂದಿನಿಂದ ಆ ಕೋಣೆಯಲ್ಲಿ ಸುಳ್ಳಾಡದ ನಾಲಿಗೆ, ಅಂದರೆ ಕೆಲಸಕ್ಕೆ ಸೇರಿದಂದಿನಿಂದ ಎಂದಿಟ್ಟುಕೊಳ್ಳಿ, ಆಗ ಹೊರಳಿತು.

"ಬಂದಿದ್ದಾಳೆ," ಎಂದ ಕೂಗಪ್ಪ.

"ನೀರು ಹಾಗೇ ಇದೆಯಲ್ಲಯ್ಯಾ?" ಎಂದರು ಚೀಲ ಹಿಡಿದ ಸದಸ್ಯರು.

"ಅವಳಿಗೆ ಗಂಟಲು ಕಟ್ಟಿದೆ ಸ್ವಾಮಿ. ಅವಳ ಬದಲು ನಾನು ಕುಡೀತೀನಿ, ನಾನೇ ಹೇಳ್ತೀನಿ," ಎಂದು ಲೋಟ ಎತ್ತಿ ಗಟಗಟ ಕುಡಿದ. ಮಗಳು ಫೋನಿನಲ್ಲಿ ಹೇಳಿದ್ದೆಲ್ಲ ಆ ದೊಡ್ಡ ದನಿಯಲ್ಲಿ ಹೊರಬಿತ್ತು. ಬ್ಯಾಂಡೇಜನ್ನು ಒಗೆದು ಒಣಗಿಸಿ ಮತ್ತೆ ಸುತ್ತುವುದು. ನೋವು ಮರೆಸುವ ಮದ್ದಿಲ್ಲದೆ ಮಕ್ಕಳ ಕಾಲು ಕತ್ತರಿಸುವಾಗ ಇವಳು ಹಾಡು ಹೇಳುವುದು. ಹಸಿದ ಕೂಸುಗಳು ಅಳುವುದನ್ನೂ ನಿಲ್ಲಿಸಿರುವುದು. "'ಅಳು ಕೇಳಿಸಿದ್ರೆ ಸಮಾಧಾನ ಅಪ್ಪ, ಕೇಳಿಸದಿದ್ರೆ ಭಯ' ಅಂತಾಳೆ ನನ್ನ ಮಗಳು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋರು ನೀವು. ಇಲ್ಲಿ ಬಾವಿ ತೋಡಿದೆ, ಕೊಡ ತುಂಬಿದೆ, ಎತ್ತೋಕೆ ನಿಮಗೆ ಕೈ ಬರ್ತಿಲ್ಲ!"

ಅಧ್ಯಕ್ಷರು ಬಹಳ ವರ್ಷಗಳ ಮೇಲೆ ತಲೆ ಎತ್ತಿದರು. "ಒಪ್ಪುವವರು ಕೈ ಎತ್ತಿ," ಎಂದರು.

ಆಗ ಬಾಗಿಲು ಕಿರ್ರೆಂದಿತು.

ಒಂದೇ ಒಂದು ಬೆರಳಗಲ ತೆರೆದಿತ್ತು. ಸಂದಿಯಿಂದ ಆಸ್ಪತ್ರೆಯ ಫಿನಾಯಿಲಿನ ವಾಸನೆ, ಅದರ ಹಿಂದೆಯೇ ಕುಸಿದ ಗೋಡೆಯ ಸುಣ್ಣದ ಧೂಳು. ಕೂಗಪ್ಪ ಓಡಿಹೋಗಿ ಬೆನ್ನು ಕೊಟ್ಟು ಬಾಗಿಲನ್ನು ಮುಚ್ಚಿದ. ಜನ್ಮವೆಲ್ಲ ಒಳಗೆ ಬನ್ನಿ ಎಂದು ಕರೆದವನು ಈಗ ಬಾಗಿಲಿಗೆ ಅಡ್ಡ ನಿಂತಿದ್ದ. ಆಚೆಯಿಂದ ಯಾರೋ ಮೆತ್ತಗೆ ತಳ್ಳುತ್ತಿದ್ದರು. ಜೋರೇನಿಲ್ಲ, ದಣಿದು ಮನೆಗೆ ಬಂದವರು ತಳ್ಳುವಷ್ಟು.

"ಈಗ ಬೇಡ ಮಗಳೇ," ಎಂದು ಪಿಸುಗುಟ್ಟಿದ. "ಕೈ ಎತ್ತಾ ಇದ್ದಾರೆ. ನೀನು ವಾರ್ಡಿಗೆ ಹೋಗು. ಹೋಗಮ್ಮ, ಒಂದು ಗಳಿಗೆ ತಡಕೋ."

ಒಂದು ಕೈ ಎದ್ದಿತು, ಮತ್ತೊಂದು ಎದ್ದಿತು. ಕೈಗಳು ಏಳುತ್ತ ಹೋದಂತೆ ಬೆನ್ನ ಹಿಂದಿನ ಒತ್ತು ಹಗುರಾಗುತ್ತ ಬಂತು. ಕೊನೆಗೆ ಚೀಲ ಎತ್ತಿಕೊಂಡಿದ್ದ ಸದಸ್ಯರೂ ಅದನ್ನು ಕೆಳಗಿಟ್ಟು ಕೈ ಎತ್ತಿದರು. ಟೀಚರಮ್ಮ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

"ಗೊತ್ತುವಳಿ ಪಾಸಾಗಿದೆ," ಎಂದರು ಅಧ್ಯಕ್ಷರು, ಕನ್ನಡಕ ಮಡಚುತ್ತ. "ಆದೇಶವನ್ನ ನಾಳೆ ಹೊರಡಿಸೋಣ."

ನಾಳೆ ಎಂದದ್ದೇ ತಡ, ಬಾಗಿಲು ಧಡ್ಡೆಂದಿತು. ಕೂಗಪ್ಪ ಹಲ್ಲು ಕಚ್ಚಿ ಎರಡೂ ಕಾಲನ್ನು ನೆಲಕ್ಕೆ ಊರಿದ.

"ನಾಳೆ ಅಂತ ಮಾತ್ರ ಹೇಳ್ಬೇಡಿ ಸ್ವಾಮಿ!" ಎಂದು ಕೂಗಿದ. "ಈಗಲೇ, ಈಗಲೇ ಲಾರಿ ಬಿಡ್ಸಿ!"

ಅವನ ಬೂಟುಗಳು ನುಣ್ಣನೆಯ ನೆಲದ ಮೇಲೆ ಇಷ್ಟಿಷ್ಟೇ ಮುಂದಕ್ಕೆ ಜಾರತೊಡಗಿದವು.