ಅನಂತರವೆಂಬ ಅರ್ಧ ಹೆಸರು

ಮಾಘದ ಚಳಿ ಕಾಲ್ತೆಗೆದು, ಫಾಲ್ಗುಣದ ಬಿಸಿಲು ಇನ್ನೂ ಬಲಿಯದಿರುವ ಆ ಸಂಧಿಕಾಲದಲ್ಲಿ ಗಿರಿನಗರದ ಬೀದಿಗಳನ್ನು ನೀವೊಮ್ಮೆ ನೋಡಬೇಕು, ಸಹೃದಯರೇ! ನಿನ್ನೆಯವರೆಗೆ ಬರಿಯ ಕೊಂಬೆಗಳನ್ನು ಹೊತ್ತು ಬಡವಾಗಿ ನಿಂತಿದ್ದ ಹೊಂಗೆಯ ಮರಗಳು, ಯಾರೋ ಬಂದು ಕಿವಿಯಲ್ಲಿ ಶುಭವಾರ್ತೆಯನ್ನು ಉಸುರಿ ಹೋದಂತೆ, ಒಂದೇ ಬೆಳಗಿನಲ್ಲಿ ತಳಿರುಟ್ಟು ನಿಲ್ಲುತ್ತವೆ. ಆ ಎಳಹಸುರಿನೊಳಗಿಂದ ನುಸುಳಿ ಬರುವ ಅರುಣಕಿರಣಗಳು ನೀರು ಚಿಮುಕಿಸಿದ ಅಂಗಳಗಳ ಮೇಲೆ, ಆಗತಾನೆ ಬಿಡಿಸಿದ ರಂಗೋಲಿಗಳ ಮೇಲೆ, ಸಾಲಾಗಿ ನಿಂತ ಸ್ಕೂಟರುಗಳ ಸೀಟುಗಳ ಮೇಲೂ ಪಕ್ಷಪಾತವಿಲ್ಲದೆ ಹೊಂಬಣ್ಣವನ್ನು ಚೆಲ್ಲುತ್ತವೆ. ಹೊಸಕೆರೆಹಳ್ಳಿಯ ಕೆರೆಯ ಕಡೆಯಿಂದ ಮಂದಮಾರುತ ಬೀಸುತ್ತದೆ... ಅದರಲ್ಲಿ ಕೆರೆಯ ವಾಸನೆಯೂ ಒಂದಿಷ್ಟು ಬೆರೆತಿರುತ್ತದೆ, ಸುಳ್ಳೇಕೆ ಹೇಳಲಿ! ಆದರೂ ವಸಂತಾಗಮನದ ಆ ಹೊತ್ತಿಗೆ ಎಂಥ ಕಲ್ಲುಮನಸ್ಸಿನವನೂ ಗೇಟಿನ ಬಳಿ ಒಂದು ಕ್ಷಣ ನಿಂತು, ತಲೆಯೆತ್ತಿ ನೋಡಿಯೇ ಒಳಗೆ ಹೋಗುತ್ತಾನೆ.

ಅನಂತರಾಮು ಅವರೂ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ಅವರಿಗೆ ಏನೂ ಅನ್ನಿಸಲಿಲ್ಲ.

ಜಲಮಂಡಳಿಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು ಅವರು. ಬನಶಂಕರಿಯಿಂದ ಜಯನಗರದವರೆಗೆ ಎಷ್ಟೋ ಬೀದಿಗಳ ನೀರು ಅವರ ಕೈಕೆಳಗಿನ ವಾಲ್ವುಗಳನ್ನು ದಾಟಿಯೇ ಮನೆಗಳ ಸಂಪು ಸೇರುತ್ತಿತ್ತು. ಈಗ ಅವರದೇ ಹೃದಯದ ಒಂದು ವಾಲ್ವು ಸುಣ್ಣಗಟ್ಟಿ ಗಡುಸಾಗಿ, ಪೂರ್ತಿ ತೆರೆದುಕೊಳ್ಳಲಾರದೆ ರಕ್ತದ ದಾರಿಯನ್ನು ಇಕ್ಕಟ್ಟು ಮಾಡಿತ್ತು. ಗುರುವಾರ ಬೆಳಿಗ್ಗೆ ಎದೆ ತೆರೆದು ಅದನ್ನು ಬದಲಾಯಿಸುವುದೆಂದು ವೈದ್ಯರು ದಿನ ಗೊತ್ತುಮಾಡಿದ್ದರು. ಸುದ್ದಿ ಕೇಳಿದಾಗ ಅನಂತರಾಮು, ಯಾವುದೋ ಬಡಾವಣೆಯ ಕೊಳಾಯಿಯ ವರದಿ ಓದಿದವರಂತೆ ತಲೆಯಾಡಿಸಿದ್ದರು. "ಕೆಟ್ಟಿದೆ, ಬದಲಾಯಿಸ್ತಾರೆ, ಅಷ್ಟೇ" ಎಂದು ಕೇಳಿದವರಿಗೆಲ್ಲ ಹೇಳಿದ್ದರು.

ಕೇಳುವವರಿಗೇನು ಬರವೇ! ಎದೆ ಕೊಯ್ಯುವ ಸುದ್ದಿ ಹೊರಬಿದ್ದರೆ ಸಾಕು, ನಮ್ಮವರು ಹಣ್ಣಿನ ಚೀಲ ಹಿಡಿದು ಬಂದೇ ಬರುತ್ತಾರೆ. ಚೀಲದ ಜೊತೆಗೆ ಒಂದೊಂದು ಕಥೆಯನ್ನೂ ತರುತ್ತಾರೆ. ಹಳೆಯ ಸಹೋದ್ಯೋಗಿ ಭೀಮರಾಯರು ಶ್ರೀನಗರದಿಂದ ಮೂಸಂಬಿ ತಂದು, ಸೋಫಾದಲ್ಲಿ ಕೂತು, ಕಾಫಿ ಕುಡಿದು, "ನಮ್ಮ ಭಾವಮೈದನಿಗೂ ಇದೇ ಆಪರೇಷನ್ ಆಗಿತ್ತು ಕಣಯ್ಯಾ" ಎಂದು ಶುರುಮಾಡಿದರು.

"ಈಗ ಹೇಗಿದಾರೆ?" ಎಂದು ಅನಂತರಾಮು ಕೇಳಿದರು.

ಭೀಮರಾಯರು ಲೋಟದ ತಳವನ್ನೇ ನೋಡುತ್ತ, "ಮೂಸಂಬಿ ಬಹಳ ಸಿಹಿ ಇದೆ, ನೋಡು" ಎಂದರು.

ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು, ಇಲ್ಲವೇ ನಕ್ಕುಬಿಡುತ್ತಿದ್ದರು. ಅನಂತರಾಮು ಎರಡನ್ನೂ ಮಾಡದೆ ಒಂದು ಮೂಸಂಬಿ ಸುಲಿದರು. "ಧೈರ್ಯ ಅಂದರೆ ಇವರದಪ್ಪ!" ಎಂದು ಬಂದವರೆಲ್ಲ ಬೆನ್ನು ತಟ್ಟಿ ಹೋದರು. ಆದರೆ ಅದು ಧೈರ್ಯವಲ್ಲವೆಂದು ಅವರೊಬ್ಬರಿಗೇ ಗೊತ್ತಿತ್ತು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿಯುವುದಿಲ್ಲವೇ, ಚಿವುಟಿದರೂ ಅದು ಬೇರೆ ಯಾರದೋ ಕಾಲು ಎನ್ನಿಸುವುದಿಲ್ಲವೇ... ಅವರ ಮನಸ್ಸಿಗೆ ಹಾಗೆ ಜೋಮು ಹಿಡಿದಿತ್ತು. ಊಟದ ರುಚಿ ಗೊತ್ತಾಗುತ್ತಿರಲಿಲ್ಲ, ಪತ್ರಿಕೆಯ ಅಕ್ಷರಗಳು ಕಣ್ಣಿಗೆ ಕಂಡರೂ ತಲೆಗೆ ಹೋಗುತ್ತಿರಲಿಲ್ಲ, ಸಾಯುವ ಭಯವೂ ಹತ್ತಿರ ಸುಳಿಯುತ್ತಿರಲಿಲ್ಲ.

ಭಯವಿದ್ದದ್ದು ಒಂದೇ. ಇಷ್ಟು ಕಾಲ ಜೊತೆಗೆ ಬಾಳಿದ ವಾರಿಜಾಳ ಮುಖವನ್ನು ನೋಡಿದರೂ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ! ಆಕೆ ಕಾಫಿ ತಂದುಕೊಟ್ಟಾಗ ಲೋಟ ಕಾಣುತ್ತಿತ್ತು, ಬಳೆ ಕಾಣುತ್ತಿತ್ತು, ಕಣ್ಣಿನ ಕೆಳಗಿನ ಕಪ್ಪೂ ಕಾಣುತ್ತಿತ್ತು. ಒಳಗೆ ಮಾತ್ರ ಎಲೆ ಅಲುಗುತ್ತಿರಲಿಲ್ಲ. ಹೀಗೇ ಬರಿದಾದ ಕಣ್ಣಿನಿಂದ ಆಕೆಯನ್ನು ನೋಡಿ, ಹೀಗೇ ಆ ಮೇಜಿನ ಮೇಲೆ ಮಲಗಿ, ಅಲ್ಲಿಂದ ಏಳದೇ ಹೋದರೆ...? ಅಷ್ಟು ವರ್ಷಗಳ ದಾಂಪತ್ಯಕ್ಕೆ ತಾನು ಬಿಟ್ಟುಹೋಗುವ ಕಡೆಯ ನೋಟ ಇದೇ ಆಗಿಬಿಟ್ಟರೆ...? ದೇವರೇ, ಒಂದು ಸಲ ಅಳು ಬರಲಿ ಎಂದು ಅವರು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು.

ಇನ್ನು ವಾರಿಜಾ. ಆಕೆ ಶ್ರೀನಗರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವರು. ಸಂಧಿ, ಸಮಾಸ, ಛಂದಸ್ಸು ಎಲ್ಲವೂ ನಾಲಿಗೆಯ ತುದಿಯಲ್ಲಿ. ಗಂಡನ ಹೆಸರೊಂದು ಮಾತ್ರ ನಾಲಿಗೆಗೆ ಬಾರದು. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದ ಮಾತನ್ನು ಆಕೆ ನಂಬುತ್ತಿರಲಿಲ್ಲ. ಆದರೆ ನಂಬದ ಮಾತನ್ನು ಮೀರಿ ನೋಡುವ ಧೈರ್ಯವೂ ಇರಲಿಲ್ಲ. ಹೋಗಲಿ, ಹೆಸರು ಬಿಟ್ಟರೆ ಸಾಲದೆ? 'ಅನಂತರ' ಎಂಬ ಬಡಪಾಯಿ ಪದವನ್ನೂ ಆಕೆ ಬಾಯಿಂದ ಗಡೀಪಾರು ಮಾಡಿಬಿಟ್ಟಿದ್ದರು, ಅದರೊಳಗೆ ಗಂಡನ ಹೆಸರು ಮುಕ್ಕಾಲುಪಾಲು ಅಡಗಿತ್ತಲ್ಲ! ತರಗತಿಯಲ್ಲಿ ಪಾಠ ಓದುವಾಗ "ಅನಂತರ ರಾಜನು ಕಾಡಿಗೆ ಹೊರಟನು" ಎಂದು ಪುಸ್ತಕದಲ್ಲಿದ್ದರೆ, ಮೇಡಂ "ಆಮೇಲೆ ರಾಜನು ಕಾಡಿಗೆ ಹೊರಟನು" ಎಂದೇ ಓದುತ್ತಿದ್ದರು; ಮಕ್ಕಳು ಡಿಕ್ಟೇಷನ್ನಿನಲ್ಲಿ ಹಾಗೆಯೇ ಬರೆಯುತ್ತಿದ್ದರು.

ಇದಕ್ಕೊಂದು ಹಿನ್ನೆಲೆಯೂ ಇತ್ತು. ಮದುವೆಯ ಉರುಟಣೆಯ ದಿನ, ವಧೂವರರು ಎದುರುಬದುರು ಕೂತು ಪರಸ್ಪರ ಅರಿಸಿನ ಗಂಧ ಹಚ್ಚುವ ಆ ಗದ್ದಲದ ನಡುವೆ, ಹೆಣ್ಣಿನ ಬಾಯಲ್ಲಿ ಗಂಡಿನ ಹೆಸರು ಹೇಳಿಸಿಯೇ ತೀರಬೇಕೆಂದು ಹೆಂಗಸರೆಲ್ಲ ಹಟ ಹಿಡಿದಿದ್ದರು. ಚಿಕ್ಕಮ್ಮ ಕಟ್ಟಿಕೊಟ್ಟ ಪದವನ್ನು ವಾರಿಜಾ ತಲೆ ತಗ್ಗಿಸಿ ಶುರುಮಾಡಿದ್ದಳು: "ಮಲ್ಲಿಗೆ ಮೊಗ್ಗಿಗೆ ಮುಂಜಾವದ ಮಂಜು, ನನ್ನ ಕೈಹಿಡಿದವರು ಅನಂತರ..." ಅಲ್ಲಿಗೆ ನಾಚಿ ನಿಲ್ಲಿಸಿಬಿಟ್ಟಳು. "ಅನಂತರ? ಅನಂತರ ಏನೇ ಹುಡುಗಿ?" ಎಂದು ಇಡೀ ಛತ್ರ ಗೊಳ್ಳೆಂದು ನಕ್ಕಿತ್ತು. ಆಗ ಮದುಮಗ ಮೆಲ್ಲಗೆ, "ಬಾಕಿದು ಅನಂತರ ಹೇಳ್ತಾಳೆ, ಬಿಡಿ" ಎಂದು ಆಕೆಯನ್ನು ಕಾಪಾಡಿದ್ದ. ವಾರಿಜಾ ಅವನತ್ತ ಕಣ್ಣೆತ್ತಿ ನೋಡಿದ್ದು ಆಗಲೇ... ಆ ನೋಟದಲ್ಲಿ ಏನಿತ್ತೆಂದು ಬಣ್ಣಿಸಹೊರಟರೆ ನನ್ನ ಕಥೆ ಮುಂದೆ ಸಾಗಲಾರದು.

ಆ 'ಅನಂತರ' ಬರಲೇ ಇಲ್ಲ. ಮಗಳು ಸುರಭಿ ಹುಟ್ಟಿ, ಬೆಳೆದು, ಮದುವೆಯಾಗಿ ಜೆ.ಪಿ. ನಗರದಲ್ಲಿ ಮನೆ ಮಾಡಿದಳು; ಹೆಂಡತಿಯ ಬಾಯಲ್ಲಿ ಅನಂತರಾಮು "ರೀ" ಆಗಿಯೇ ಉಳಿದರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಿಗ್ಗೆಯಿಂದ ವಾರಿಜಾ ತಾರಸಿಯ ಮೇಲೆ ಸಬ್ಬಕ್ಕಿ ಸಂಡಿಗೆ ಇಡುತ್ತಿದ್ದರು. "ಅಮ್ಮಾ, ಈಗ ಸಂಡಿಗೆ ಬೇಕಿತ್ತಾ?" ಎಂದು ಸುರಭಿ ಫೋನಿನಲ್ಲಿ ರೇಗಿದಾಗ, "ಬಿಸಿಲು ನಮಗೋಸ್ಕರ ಕಾಯತ್ತೇನೇ?" ಎಂದು ಉತ್ತರ ಕೊಟ್ಟು ಮೇಲೆ ಹತ್ತಿದವರು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ವರ್ಷಕ್ಕಾಗುವಷ್ಟು ಸಂಡಿಗೆ! ಯಾರು ತಿನ್ನುವುದಕ್ಕೆ? ಕೆಳಗೆ ಕೂತಿದ್ದ ಅನಂತರಾಮು ಈ ಪ್ರಶ್ನೆಯನ್ನು ಯಾವ ನೋವೂ ಇಲ್ಲದೆ, ಲೆಕ್ಕ ಕೇಳುವವರಂತೆ ತಮ್ಮನ್ನೇ ಕೇಳಿಕೊಂಡರು. ಹಾಗೆ ಕೇಳಿಕೊಂಡೆನಲ್ಲ ಎಂದು ಗಾಬರಿಯಾಯಿತು. ಆಕೆಯನ್ನು ಒಮ್ಮೆ ಬಿಸಿಲಿನಲ್ಲಿ ನೋಡಿದರೆ ಏನಾದರೂ ಅನ್ನಿಸೀತೇನೋ ಎಂಬ ಆಸೆಯಿಂದ, ಹತ್ತಬಾರದೆಂದಿದ್ದ ಮೆಟ್ಟಿಲುಗಳನ್ನು ಕಂಬಿ ಹಿಡಿದು, ನಡುನಡುವೆ ಕೂತು, ಏದುಸಿರು ಬಿಡುತ್ತ ಹತ್ತಿದರು.

"ಅಯ್ಯೋ, ಯಾಕ್ರೀ ಹತ್ತಿದ್ರಿ! ಡಾಕ್ಟ್ರು ಏನ್ ಹೇಳಿದಾರೆ?" ಎಂದು ವಾರಿಜಾ ಸೌಟು ಹಿಡಿದೇ ಓಡಿಬಂದು, ನೀರಿನ ಟ್ಯಾಂಕಿನ ನೆರಳಿನಲ್ಲಿ ಅವರನ್ನು ಕೂರಿಸಿದರು.

ಅವರ ಹಳೆಯ ಪಂಚೆಗಳು ತಾರಸಿಯುದ್ದಕ್ಕೂ ಹಾಸಿಕೊಂಡಿದ್ದವು. ಅವುಗಳ ಮೇಲೆ ಸಂಡಿಗೆಯ ಬಿಳಿಯ ಬಿಲ್ಲೆಗಳು ಸಾಲುಸಾಲಾಗಿ ಬಿಸಿಲು ಕುಡಿಯುತ್ತಿದ್ದವು. ಪಕ್ಕದಲ್ಲಿ ಗಂಜಿಯ ಎರಡು ಪಾತ್ರೆಗಳಿದ್ದವು. ಅನಂತರಾಮು ಸುಮ್ಮನೆ ಚಿಕ್ಕ ಪಾತ್ರೆಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡರು. ಸಪ್ಪೆ! ಪಾಪ, ಇವಳ ಮನಸ್ಸು ಎಷ್ಟು ಕಂಗೆಟ್ಟಿರಬೇಕೆಂದು ಯೋಚಿಸಿದರು. ಯೋಚಿಸಿದರೇ ಹೊರತು ಕರುಣೆ ಹುಟ್ಟಲಿಲ್ಲ.

"ವಾರಿಜಾ, ಇದಕ್ಕೆ ಉಪ್ಪು ಹಾಕೋದು ಮರ್ತಿದ್ದೀಯ."

"ಮರೆತಿಲ್ಲ. ಅದು ನಿಮ್ಮದು" ಎಂದರು ವಾರಿಜಾ, ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆಯೇ. "ನಿಮಗಿನ್ನು ಉಪ್ಪು ಹೆಚ್ಚು ಕೊಡ್ಬೇಡಿ ಅಂದಿದಾರಲ್ಲ. ಬೇರೆ ಡಬ್ಬ ಮಾಡ್ತಿದೀನಿ. ಎಣ್ಣೇಲಿ ಕರಿಯಲ್ಲ, ಮೈಕ್ರೋವೇವಲ್ಲಿ ಸುಟ್ಟುಕೊಡ್ತೀನಿ. ಆಪರೇಷನ್ ಅನಂತರ..."

ಮಾತು ಅಲ್ಲಿಗೆ ನಿಂತಿತು. ಸೌಟಿನಿಂದ ಒಂದು ತೊಟ್ಟು ಪಂಚೆಯ ಮೇಲೆ ಬಿತ್ತು. ಇಷ್ಟು ವರ್ಷ ಬಾಯಿಗೆ ಬಾರದಿದ್ದ ಪದ! ಯಾರ ಛತ್ರದಲ್ಲೋ ಯಾವ ಕಾಲದಲ್ಲೋ ಅರ್ಧಕ್ಕೆ ತುಂಡಾಗಿದ್ದ ಮಾತು ಗಿರಿನಗರದ ತಾರಸಿಯ ಮೇಲೆ, ಸಬ್ಬಕ್ಕಿಯ ಗಂಜಿಯ ಹಬೆಯಲ್ಲಿ, ಅಷ್ಟೇ ಅರ್ಧವಾಗಿ ಮತ್ತೆ ಹುಟ್ಟಿತ್ತು. ಬಾಯಿ ತಪ್ಪಿ ಬಂದದ್ದೇ, ಬೇಕೆಂದೇ ಆಡಿದ್ದೇ, ಆಕೆಗೂ ಗೊತ್ತಿರಲಿಲ್ಲ. ಆಕೆಯ ಮುಖ ಕೆಂಪಾಗಿತ್ತು. ಬಿಸಿಲಿಗೆ ಎಂದು ಬೇಕಾದರೆ ಅಂದುಕೊಳ್ಳಿ.

ಅನಂತರಾಮು ಅವರ ಒಳಗೆಲ್ಲೋ, ಬಹಳ ದೂರದಲ್ಲಿ, ಒಂದು ಇರುವೆ ಹರಿದಂತಾಯಿತು. ಜೋಮು ಬಿಡುವ ಮೊದಲು ಕಾಲ್ಬೆರಳಿನ ತುದಿಯಲ್ಲಿ ಆಗುವಂಥದು. ಅದನ್ನು ಹಿಡಿದುಕೊಳ್ಳಲೆಂದು ಅವರು ಅವಸರದಿಂದ ಕೇಳಿದರು: "ಅನಂತರ...? ಪೂರ್ತಿ ಹೇಳಿಬಿಡು ವಾರಿಜಾ. ಒಂದೇ ಒಂದ್ಸಲ."

"ಊಹೂಂ."

"ನಾಳೆ ಬಿಟ್ಟು ನಾಡಿದ್ದು..."

"ಅದಕ್ಕೇ ಹೇಳಲ್ಲ" ಎಂದರು ವಾರಿಜಾ. "ಈಗಲೇ ಹೇಳಿಬಿಟ್ರೆ ನಿಮಗೆ ವಾಪಸ್ ಬರಕ್ಕೆ ಕೆಲಸ ಏನಿರತ್ತೆ? ಬಾಕಿದು ಬಂದ್ಮೇಲೆ ಕೇಳಿಸ್ಕೊಳ್ಳಿ."

ಹಾಗೆಂದು ಆಕೆ ಮತ್ತೆ ಸಂಡಿಗೆಗೆ ಬಾಗಿದರು. ಇರುವೆ ಬಂದ ದಾರಿಯಲ್ಲೇ ಎಲ್ಲೋ ಮರೆಯಾಯಿತು. ಅನಂತರಾಮು ಟ್ಯಾಂಕಿನ ನೆರಳಿನಲ್ಲಿ ಕೂತು ಹೆಂಡತಿಯ ಬೆನ್ನನ್ನು ನೋಡುತ್ತಿದ್ದರು, ಏನೂ ಅನ್ನಿಸದೆಯೇ... ಆದರೆ ಕಣ್ಣು ಕೀಳಲಿಲ್ಲ.

ಗುರುವಾರ ಬೆಳಿಗ್ಗೆ ಹಸಿರು ನಿಲುವಂಗಿ ತೊಡಿಸಿದರು. ಗಾಲಿಮಂಚದ ಮೇಲೆ ಮಲಗಿಸಿದರು. ಸುರಭಿ ಅಪ್ಪನ ಪಾದ ಹಿಡಿದು ಮುಖ ತಿರುಗಿಸಿ ನಿಂತಿದ್ದಳು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿನಲ್ಲಿ ಅನಂತರಾಮು, ಹಿಂದೆಲ್ಲ ಆಫೀಸಿಗೆ ಹೊರಡುವಾಗ ಅನ್ನುತ್ತಿದ್ದಂತೆ, "ಬರ್ತೀನಿ" ಎಂದರು. "ಹೋಗಿ ಬನ್ನಿ" ಎಂದರು ವಾರಿಜಾ. ಊಟದ ಡಬ್ಬಿಯೊಂದನ್ನು ಕೈಗಿಡುವುದಷ್ಟೇ ಬಾಕಿಯಿತ್ತು. ಅವರು ಹೆಂಡತಿಯ ಮುಖವನ್ನು ಕಂಠಪಾಠ ಮಾಡುವವರಂತೆ ನೋಡಿದರು. ಮುಖ ನೆನಪಿನಲ್ಲಿ ಉಳಿಯಿತು, ಭಾವ ಬರಲಿಲ್ಲ. ಬಾಗಿಲು ಮುಚ್ಚಿತು.

ಅಲ್ಲಿಂದ ಮುಂದೆ ಇರುಳೂ ಅಲ್ಲದ ಹಗಲೂ ಅಲ್ಲದ ಒಂದು ಗಾಢಾಂಧಕಾರ. ಅದರ ತಳದಲ್ಲಿ ಅನಂತರಾಮು ಹಾಯಾಗಿದ್ದರು. ಬಿಸಿಯಿಲ್ಲ, ತಂಪಿಲ್ಲ, ಯಾರೂ ಬೇಕಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎಲ್ಲಿಂದಲೋ ಒಂದು ದನಿ ಇಳಿದು ಬಂತು. "ರೀ... ರೀ..." ಯಾವುದೋ ಹೆಂಗಸು ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡು ಅವರು ಇನ್ನಷ್ಟು ಆಳಕ್ಕೆ ಜಾರಿದರು.

ಮೇಲೆ, ತೀವ್ರನಿಗಾ ಘಟಕದ ಬಿಳಿಬೆಳಕಿನಲ್ಲಿ, ವಾರಿಜಾ ಮಂಚದ ಕಂಬಿ ಹಿಡಿದು ನಿಂತಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಮುಗಿದಿತ್ತು. ಏಳಬೇಕಾದ ಹೊತ್ತು ಮೀರಿದರೂ ಅನಂತರಾಮು ಏಳಲಿಲ್ಲವೆಂದು ವೈದ್ಯರು ಹೆಂಡತಿಯನ್ನು ಒಳಗೆ ಕರೆಸಿದ್ದರು. ನರ್ಸ್ ಮರಿಯಮ್ಮ ಹತ್ತಿರ ಬಂದು, "ಮೇಡಂ, 'ರೀ' ಅಂದ್ರೆ ಇಲ್ಲಿರೋ ಗಂಡಸರೆಲ್ಲ ತಿರುಗಿ ನೋಡ್ತಾರೆ. ಹೆಸರು ಹಿಡಿದು ಕರೀರಿ, ಜೋರಾಗಿ" ಎಂದರು.

ಹೆಸರು! ಯಾವ ಹೆಸರನ್ನು ಆಡಿದರೆ ಆಯುಸ್ಸು ಸವೆಯುತ್ತದೆಂದು ಅಜ್ಜಿ ಹೇಳಿದ್ದಳೋ, ಅದೇ ಹೆಸರನ್ನು ಆಡಿ ಈಗ ಆಯುಸ್ಸನ್ನು ಹಿಂದಕ್ಕೆ ಕರೆಯಬೇಕಿತ್ತು. ವಾರಿಜಾ ಕಣ್ಣು ಮುಚ್ಚಿಕೊಂಡರು. ಗಂಡನ ಕಿವಿಯ ಬಳಿ ಬಾಗಿದರು.

"ಅನಂತರ..."

ಕತ್ತಲಿನ ತಳದಲ್ಲಿ ಅನಂತರಾಮು ಕಿವಿ ನಿಮಿರಿಸಿದರು. ಅರಿಸಿನದ ವಾಸನೆ ಬಂದಂತಾಯಿತು. ಇಡೀ ಛತ್ರ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅನಂತರ ಏನೇ ಹುಡುಗಿ? ಹೇಳೇ...

"ಅನಂತರಾಮು! ಅನಂತರಾಮು, ಏಳ್ರೀ!"

ಅವರು ಕಣ್ಣು ತೆರೆದರು. ತೆರೆದೊಡನೆ ಎದೆಯ ಮೇಲೆ ಯಾರೋ ಒರಳುಕಲ್ಲು ಇಟ್ಟಂತಹ ನೋವು, ಎದೆಯೊಳಗೆ ಸಾವಿರ ಸೂಜಿಗಳ ಚುಚ್ಚು... ಜೋಮು ಬಿಟ್ಟಿತ್ತು! ಅದರ ಹಿಂದೆಯೇ ಇಷ್ಟು ದಿನ ತಡೆದು ನಿಂತಿದ್ದದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು: ಸಾಯುವ ಭಯ, ಬದುಕುವ ಆಸೆ, ಮೆಟ್ಟಿಲು, ಬಿಸಿಲು, ಉಪ್ಪಿಲ್ಲದ ಆ ಚಿಕ್ಕ ಪಾತ್ರೆ. ಬಾಯಿಯಲ್ಲಿ ಕೊಳವೆಯಿದ್ದುದರಿಂದ ಮಾತು ಹೊರಡದು. ಕಣ್ಣೀರು ಎರಡೂ ಕಡೆಯಿಂದ ಹರಿದು ಕಿವಿ ತುಂಬಿತು.

"ತುಂಬ ನೋಯ್ತಿದ್ಯಾ?" ಎಂದು ವಾರಿಜಾ ಸೆರಗಿನಿಂದ ಒರೆಸುತ್ತ ಕೇಳಿದರು.

ಹೌದೆಂದು ಅವರು ಕಣ್ಣು ಮಿಟುಕಿಸಿದರು. ಅಷ್ಟು ಸಂತೋಷದಿಂದ ನೋವನ್ನು ಒಪ್ಪಿಕೊಂಡ ರೋಗಿಯನ್ನು ಮರಿಯಮ್ಮ ಹಿಂದೆ ಕಂಡಿರಲಿಲ್ಲ.

ವಾರಿಜಾ ಆ ಹೆಸರನ್ನು ಮತ್ತೆ ಆಡಲಿಲ್ಲ. ಮಾರನೆಯ ದಿನದಿಂದ ಮತ್ತೆ "ರೀ", ಮತ್ತೆ "ಆಮೇಲೆ". ಮನೆಗೆ ಬಂದ ಮೇಲೆ ಅನಂತರಾಮು ಸುಟ್ಟ ಸಂಡಿಗೆಯನ್ನು ಕಡಿದು "ಸಪ್ಪೆ" ಎಂದು ಮುಖ ಸಿಂಡರಿಸಿದಾಗ ಆಕೆ ಎಷ್ಟು ನಕ್ಕರೆಂದರೆ, ಕೊನೆಗೆ ಆ ನಗು ಅಳುವಾಗಿ ಸೆರಗಿನಲ್ಲಿ ಅಡಗಬೇಕಾಯಿತು.

ಸಹೃದಯರೇ, ಮನುಷ್ಯನ ಭಾವಗಳೂ ಬೀದಿಯ ಆ ಹೊಂಗೆಯಂತೆಯೇ ಅಲ್ಲವೇ! ಕೆಲವು ಋತುಗಳಲ್ಲಿ ಅದು ಎಲೆಯೆಲ್ಲ ಉದುರಿಸಿ, ಗಾಳಿ ಬಂದರೂ ಅಲುಗಾಡದೆ ನಿಲ್ಲುತ್ತದೆ. ಒಣಗಿತೆಂದು ದಾರಿಹೋಕರು ಅಂದುಕೊಳ್ಳುತ್ತಾರೆ, ಕೆಲವೊಮ್ಮೆ ಮರವೂ ಹಾಗೆಯೇ ಅಂದುಕೊಳ್ಳುತ್ತದೆ. ಆದರೆ ಬೇರಿನ ಹತ್ತಿರ ಬಾಗಿ ಹೆಸರು ಹಿಡಿದು ಕರೆಯುವ ದನಿಯೊಂದು ಇದ್ದರೆ, ಅನಂತರ... ಅನಂತರದ್ದನ್ನು ನಾನೇಕೆ ಹೇಳಲಿ, ನಿಮ್ಮನ್ನು ಹಾಗೆ ಕರೆಯುವವರನ್ನೇ ಕೇಳಿಕೊಳ್ಳಿ.